ನನ್ನ ಬಗ್ಗೆ ಇರುವ ಒಂದು ಪುಟ

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಕದಿಯದೆಯೂ ಮುಟ್ಟಿ ನೋಡಿಕೊಳ್ಳುವ ಪೈಕಿ. ಕಾರಿನ ಹಿಂದೆ ಪೊಲೀಸರ ಗಾಡಿ ಬಂದರೆ ಸಾಕು, ವೇಗ ಐವತ್ತರ ಒಳಗಿದ್ದರೂ, ಸೀಟ್ ಬೆಲ್ಟ್ ಎದೆಗೆ ಅಂಟಿಕೊಂಡೇ ಇದ್ದರೂ ನನ್ನ ಅಂಗೈ ಬೆವರುತ್ತದೆ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಸಾಮಾನು ಮೂಸುವ ನಾಯಿ ನನ್ನ ಬ್ಯಾಗಿನ ಹತ್ತಿರ ಅರೆಕ್ಷಣ ನಿಂತರೆ, ಅಮ್ಮ ನನಗೆ ಹೇಳದೆ ಪಂಚೆಯ ಮಡಿಕೆಯಲ್ಲಿ ಈ ದೇಶಕ್ಕೆ ತರಬಾರದ ಮಾವಿನ ಮಿಡಿ ಸೇರಿಸಿಬಿಟ್ಟಿದ್ದಾಳೆ ಎಂದು ಖಾತ್ರಿಯಾಗಿ, ನಾಯಿ ಮುಂದೆ ಹೋದಮೇಲೂ ಅಧಿಕಾರಿಯ ಹತ್ತಿರ ಹೋಗಿ ಒಮ್ಮೆ ನೋಡಿಬಿಡಿ ಎಂದು ನಾನೇ ಬ್ಯಾಗು ತೆರೆದುಕೊಟ್ಟದ್ದುಂಟು. ಇಂಥವನಿಗೆ ಒಂದು ದಿನ, ವಂಚನೆ ತಡೆಯುವ ಸಂಸ್ಥೆಯೊಂದರ ಪಟ್ಟಿಯಲ್ಲಿ ನಿನ್ನ ಹೆಸರಿದೆ ಎಂದು ಫೋನಿನಲ್ಲಿ ತಿಳಿಸಿದರೆ ಏನಾಗಬಹುದು, ಊಹಿಸಿಕೊಳ್ಳಿ.

ಹಾಗೆ ಫೋನು ಮಾಡಿದವನು ನವೀನ. ದಾವಣಗೆರೆಯ ಹುಡುಗ, ಓದಲು ಬಂದು, ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ ತೆಗೆದುಕೊಂಡು, ಈಗ ನಮ್ಮಂಥವರಿಗೆ ಮನೆ ಸಾಲ ಕೊಡಿಸುವ ಬ್ರೋಕರ್ ಆಗಿದ್ದ. ಮೊದಲು ನಾನು, ಮದುವೆಯಾದ ಮೇಲೆ ನಾವು, ಒಂಬತ್ತು ಹತ್ತು ವರ್ಷ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ಬಾಡಿಗೆ ಯೂನಿಟ್ಟಿನಲ್ಲಿ, ಕೆಳಗಿನ ಮಿಠಾಯಿ ಅಂಗಡಿಯ ಎಣ್ಣೆಯ ಹೊಗೆ ಕುಡಿದುಕೊಂಡು ಕಳೆದಿದ್ದೆವು. ಕೊನೆಗೂ ಕೆಲ್ಲಿವಿಲ್‌ನಲ್ಲಿ ಒಂದು ಮನೆ ಒಪ್ಪಿಗೆಯಾಗಿತ್ತು. ವಯಸ್ಸಾದ ದಂಪತಿ ಮಾರುತ್ತಿದ್ದ ಮನೆ. ಹಿತ್ತಲಲ್ಲಿ ನಿಂಬೆ ಗಿಡ, ಪಕ್ಕದಲ್ಲೇ ಪಾರ್ಕು. ನನ್ನ ಹೆಂಡತಿ ವಿದ್ಯಾ ಕಿಟಕಿಗಳ ಅಳತೆ ತೆಗೆದುಕೊಂಡಾಗಿತ್ತು. ಐದು ವರ್ಷದ ಮಗಳು ಅನಘ ಮನೆ ನೋಡಲು ಹೋದ ದಿನವೇ ಒಂದು ಕೋಣೆಯ ಬಾಗಿಲಿಗೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿ ತನ್ನದೆಂದು ಸಾರಿ ಬಂದಿದ್ದಳು. ಬ್ಯಾಂಕು ಸಾಲಕ್ಕೆ ಒಪ್ಪಿಗೆ ಕೊಡಲು ಆರು ವಾರ ಗಡುವು. ಅಷ್ಟರೊಳಗೆ ಒಪ್ಪಿಗೆ ಸಿಗದಿದ್ದರೆ ಮನೆ ಇನ್ನೊಂದು ಕುಟುಂಬಕ್ಕೆ. ಅವರು ಬಾಗಿಲಲ್ಲೇ ಕಾದಿದ್ದರು.

"ಸರ್, ಒಂದು ಚಿಕ್ಕ ಇಶ್ಯೂ," ಎಂದ ನವೀನ. ದೊಡ್ಡ ಇಶ್ಯೂ ಎಂದು ಯಾರಾದರೂ ಫೋನು ಮಾಡಿದರೆ ನಾನು ಹೆದರುವುದಿಲ್ಲ. ಚಿಕ್ಕದು ಎಂದರೆ ಮಾತ್ರ ಕುರ್ಚಿ ಹುಡುಕುತ್ತೇನೆ. "ಬ್ಯಾಂಕ್‌ಗಳೆಲ್ಲ ಸೇರ್ಕೊಂಡು ಫ್ರಾಡ್ ತಡೆಯೋಕೆ ಒಂದು ಏಜೆನ್ಸಿ ಇಟ್ಕೊಂಡಿವೆ ಸರ್. ಯಾರ ಮೇಲಾದ್ರೂ ಡೌಟ್ ಬಂದ್ರೆ ಅಲ್ಲಿ ಬರೆದಿಡ್ತಾರೆ, ಬೇರೆ ಬ್ಯಾಂಕ್‌ನೋರು ನೋಡ್ಕೋತಾರೆ. ಅಲ್ಲಿ ನಿಮ್ಮ ಹೆಸರಿಗೆ ಒಂದು ಮಾರ್ಕ್ ಇದೆಯಂತೆ."

"ಏನಂತ ಮಾರ್ಕು?"

"ಅದನ್ನ ಬ್ಯಾಂಕ್ ಹೇಳಲ್ಲ. ನಿಮ್ಮ ಬಗ್ಗೆ ಅವರ ಹತ್ರ ಏನಿದೆ ಅಂತ ಕೇಳೋ ರೈಟ್ ನಿಮಗಿದೆ. ನೀವೇ ಏಜೆನ್ಸಿಗೆ ಅಪ್ಲೈ ಮಾಡಿ ತರಿಸ್ಕೋಬೇಕು. ಮೂವತ್ತು ದಿನ ಆಗ್ಬಹುದು." ಆಮೇಲೆ ಒಂದು ಕೆಮ್ಮು. "ಸರ್, ತಪ್ಪು ತಿಳ್ಕೋಬೇಡಿ. ಏನಾದ್ರೂ ಇದ್ರೆ ನನ್ನ ಹತ್ರ ಮೊದಲೇ ಹೇಳಿಬಿಡಿ."

ವಿಷಯ ತಿಳಿದಾಗ ವಿದ್ಯಾ ಏನಾಯಿತು ಎಂದು ಕೇಳಲಿಲ್ಲ. "ಏನ್ರೀ ಮಾಡಿದ್ದೀರಿ?" ಎಂದು ಕೇಳಿದಳು. ಎರಡು ಪ್ರಶ್ನೆಗಳ ನಡುವಿನ ಅಂತರ ಮದುವೆಯಾದವರಿಗೆ ಗೊತ್ತು. ಏನೂ ಮಾಡಿಲ್ಲ ಎಂದೆ. "ಏನೂ ಮಾಡದೇ ಇದ್ರೆ ಯಾರಾದ್ರೂ ಸುಮ್ನೆ ಬರೀತಾರಾ? ನನ್ನ ಹೆಸರು ಯಾಕೆ ಬರೆದಿಲ್ಲ?" ಅನಘ ಆಟದ ಸಾಮಾನಿನ ನಡುವಿನಿಂದ ತಲೆಯೆತ್ತಿ, "ಅಪ್ಪಾ, are you going to jail?" ಎಂದಳು. ಅವಳ ದನಿಯಲ್ಲಿ ಹೆದರಿಕೆಗಿಂತ ಕುತೂಹಲ ಹೆಚ್ಚಿತ್ತು ಎಂಬುದು ನನಗೆ ಇವತ್ತಿಗೂ ಬೇಸರ.

ಮರುದಿನ ಆ ಸಂಸ್ಥೆಗೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಪಿಯಾನೋ ಕೇಳಿಸಿದ ಮೇಲೆ ಒಬ್ಬ ಹೆಂಗಸು ಸಿಕ್ಕಳು. ಬಹಳ ಮರ್ಯಾದಸ್ಥೆ. ನನ್ನ ಬಗ್ಗೆ ನಿಮ್ಮಲ್ಲಿ ಏನಿದೆ ಎಂದೆ. ಏನಾದರೂ ಇದೆಯೋ ಇಲ್ಲವೋ ಎಂಬುದನ್ನೇ ತಾನು ಹೇಳುವಂತಿಲ್ಲ ಎಂದಳು. ಹಾಗಾದರೆ ಇಲ್ಲ ಎಂದುಕೊಳ್ಳಲೇ ಎಂದೆ. ಹಾಗೆ ಅಂದುಕೊಳ್ಳಬಹುದು ಎಂದೂ ತಾನು ಹೇಳುವಂತಿಲ್ಲವಂತೆ. ಅರ್ಜಿ ಕಳಿಸಿಕೊಡುತ್ತೇನೆ ಎಂದು ಹೆಸರು, ವಿಳಾಸ ಕೇಳಿ, ಕೊನೆಗೆ ಹುಟ್ಟಿದ ದಿನ ಕೇಳಿದಳು. ಜೂನ್ ಒಂದು ಎಂದೆ. ಆ ಕಡೆ ಕೀಬೋರ್ಡಿನ ಟಕಟಕ ಸದ್ದು ಕೇಳಿಸಿ ನಿಂತಿತು. ಆಮೇಲೆ, ಅದು ಖಚಿತವೇ ಎಂದು ಕೇಳಿದಳು. ನಿಜ ಹೇಳಬೇಕೆಂದರೆ ಅದು ಖಚಿತವಲ್ಲ.

ನಮ್ಮ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಪಟೂರಿನ ನಮ್ಮ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು, ಹುಡುಗ ಯಾವಾಗ ಹುಟ್ಟಿದ್ದು ಎಂದು ನಮ್ಮಪ್ಪನನ್ನು ಕೇಳಿದರು. "ನಮ್ಮ ತಮ್ಮನ ಮದುವೆ ಆದ ವರ್ಷ, ನವರಾತ್ರಿಲಿ," ಎಂದರು ನಮ್ಮಪ್ಪ. ಮಾಸ್ತರು ಬೆರಳು ಮಡಚಿ ಲೆಕ್ಕ ಹಾಕಿದರು. ನವರಾತ್ರಿ ಎಂದರೆ ವಯಸ್ಸು ಸಾಲುವುದಿಲ್ಲ, ಒಂದು ವರ್ಷ ದಂಡವಾಗುತ್ತದೆ. ಶಾಲೆ ಬಾಗಿಲು ತೆರೆಯುವ ದಿನಕ್ಕೆ ಸರಿಹೋಗುವಂತೆ ಜೂನ್ ಒಂದು ಎಂದು ಬರೆದು ಮುಂದಿನವರನ್ನು ಕರೆದರು. ಮುಂದಿನವನದೂ ಜೂನ್ ಒಂದು. ಕರ್ನಾಟಕದಲ್ಲಿ ಆ ದಿನ ಹುಟ್ಟಿದವರೆಲ್ಲ ಒಟ್ಟಿಗೆ ಹುಟ್ಟುಹಬ್ಬ ಆಚರಿಸಿದರೆ ಬೇಕರಿಗಳಲ್ಲಿ ಕೇಕು ಉಳಿಯುವುದಿಲ್ಲ. ಆದರೆ ಯಾರೂ ಆಚರಿಸುವುದಿಲ್ಲ, ಯಾಕೆಂದರೆ ಯಾರೂ ಅವತ್ತು ಹುಟ್ಟಿದವರಲ್ಲ. ಇದನ್ನೆಲ್ಲ ಇಂಗ್ಲಿಷಿನಲ್ಲಿ, ವಂಚನೆ ತಡೆಯುವ ಸಂಸ್ಥೆಯ ಹೆಂಗಸಿಗೆ, ಮಾತು ರೆಕಾರ್ಡ್ ಆಗುತ್ತಿರುವಾಗ ಹೇಳುವುದು ಹೇಗೆ? "ಖಚಿತ" ಎಂದುಬಿಟ್ಟೆ.

ಅರ್ಜಿ ಬಂತು. ನನ್ನ ಬಗ್ಗೆ ಅವರಿಗೆ ಏನು ಗೊತ್ತಿದೆ ಎಂದು ಹೇಳಬೇಕಾದರೆ, ನಾನು ನಾನೇ ಎಂದು ಮೊದಲು ನಾನು ಸಾಬೀತು ಮಾಡಬೇಕು. ಪಾಸ್‌ಪೋರ್ಟಿಗೆ ಇಷ್ಟು ಪಾಯಿಂಟು, ಲೈಸೆನ್ಸಿಗೆ ಇಷ್ಟು, ಕರೆಂಟು ಬಿಲ್ಲಿಗೆ ಇಷ್ಟು ಎಂದು ಒಟ್ಟು ನೂರು ಪಾಯಿಂಟು ಕೂಡಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೂ ನೂರಕ್ಕೆ ಇಷ್ಟು ಒದ್ದಾಡಿರಲಿಲ್ಲ. ಎಲ್ಲ ಕಾಗದಗಳ ನಕಲಿನ ಮೇಲೆ ಜೆಪಿ ಎಂಬ ಗೌರವಾನ್ವಿತರೊಬ್ಬರು, ಮೂಲ ನೋಡಿದ್ದೇನೆ ಎಂದು ಸಹಿ ಹಾಕಬೇಕು. ಪ್ಯಾರಮಟ್ಟಾದ ಲೈಬ್ರರಿಯಲ್ಲಿ ಶನಿವಾರ ಅಂಥ ಒಬ್ಬ ಅಜ್ಜ ಕೂತಿರುತ್ತಿದ್ದ. ನನ್ನ ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಆ ಫೋಟೋ ತೆಗೆಸಿದಾಗ ನನಗೆ ಪೊದೆ ಮೀಸೆಯಿತ್ತು, ತಲೆ ತುಂಬ ಕೂದಲಿತ್ತು. ಇದು ನೀನೇನಾ ಎಂದ. ಹೌದು ಎಂದೆ. "ಏನಾಯಿತು?" ಎಂದ. ತಮಾಷೆಗೆ ಕೇಳಿದನೋ ಅನುಮಾನಕ್ಕೆ ಕೇಳಿದನೋ ತಿಳಿಯದೆ, ಮದುವೆಯಾಯಿತು ಎಂದೆ. ಸಹಿ ಹಾಕಿದ.

ಆಮೇಲೆ ಕಾಯುವ ಕೆಲಸ. ಗಡುವಿನ ಆರು ವಾರದಲ್ಲಿ ಒಂದೊಂದೇ ವಾರ ಉದುರತೊಡಗಿತು. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನನ್ನ ಪಾಪಗಳನ್ನೆಲ್ಲ ನೆನಪಿಗೆ ತಂದುಕೊಳ್ಳುತ್ತಿದ್ದೆ. ಕೋರ್ಸು ಮುಗಿದ ಮೇಲೂ ಒಂದು ವಾರ ರೈಲಿನಲ್ಲಿ ವಿದ್ಯಾರ್ಥಿಗಳ ಟಿಕೆಟ್ಟಿನಲ್ಲಿ ಓಡಾಡಿದ್ದೆ. ಲೈಬ್ರರಿಯಿಂದ ತಂದ ಅಡುಗೆ ಪುಸ್ತಕವೊಂದಕ್ಕೆ ಸಾರು ಚೆಲ್ಲಿ, ಒರೆಸಿ, ಬಾಯಿ ಮುಚ್ಚಿಕೊಂಡು ಹಿಂದಿರುಗಿಸಿದ್ದೆ. ಮನೆ ಬಾಡಿಗೆಗೆ ಅರ್ಜಿ ಹಾಕುವಾಗ ಇಬ್ಬರೇ ಇರುತ್ತೇವೆ ಎಂದು ಬರೆದು ಒಂದು ತಿಂಗಳು ನಾಲ್ಕು ಜನ ಇದ್ದೆವು. ಇವುಗಳಲ್ಲಿ ಯಾವುದು ಅವರ ಕೈಗೆ ಸಿಕ್ಕಿರಬಹುದು? ವಿದ್ಯಾ ಮಾತು ಕಡಿಮೆ ಮಾಡಿದಳು. ಪರದೆ ಬಟ್ಟೆಯ ಅಂಗಡಿಯ ಚೀಟಿಯನ್ನು ಗೋಡೆಯಿಂದ ತೆಗೆದು ಡ್ರಾಯರಿನೊಳಗೆ ಹಾಕಿದಳು. ಒಂದು ದಿನ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ, "ರೀ, ನನಗೆ ಮನೆ ಹೋದ್ರೂ ಪರವಾಗಿಲ್ಲ. ನನಗೆ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಮಾತ್ರ ತಡ್ಕೊಳ್ಳೋಕಾಗಲ್ಲ," ಎಂದಳು. ಏನೂ ಇಲ್ಲ ಎಂದು ಆಣೆ ಮಾಡಿದೆ. ಆಗ ಅದು ಪ್ರಾಮಾಣಿಕವಾದ ಆಣೆಯೇ.

ಇಪ್ಪತ್ತೇಳನೆಯ ದಿನ ಲಕೋಟೆ ಬಂತು. ಮೆಟ್ಟಿಲ ಮೇಲೆಯೇ ಕೂತು ಒಡೆದೆ. ಒಂದೇ ಪುಟ. ನಾನು ಎರಡನೆಯ ಪುಟಕ್ಕಾಗಿ ಲಕೋಟೆಯನ್ನು ಬೋರಲು ಹಾಕಿ ಕೊಡವಿದೆ. ಇಷ್ಟು ಕಷ್ಟಪಟ್ಟವನ ಬಗ್ಗೆ ಒಂದೇ ಪುಟವೇ ಎಂದು ಒಳಗೆಲ್ಲೋ ಸ್ವಲ್ಪ ಅವಮಾನವೂ ಆಯಿತು. ಅದರಲ್ಲಿ ಇದ್ದದ್ದು ಇಷ್ಟು: ಒಂದೇ ವಿಳಾಸ, ಒಂದೇ ಮನೆ ಫೋನು, ಒಂದೇ ಹುಟ್ಟಿದ ದಿನ ಮತ್ತು ವರ್ಷ, ಆದರೆ ಹೆಸರು ಎರಡು. ಮೊದಲನೆಯ ಹೆಸರು ನನ್ನದು. ಎರಡನೆಯದು ಮಲ್ಲಿಕಾರ್ಜುನ. ಈ ಎರಡನೆಯ ಹೆಸರಿಗೆ ಬ್ಯಾಂಕು ಕಳಿಸಿದ ಪತ್ರಗಳು ಅದೇ ವಿಳಾಸದಿಂದ ವಾಪಸು ಬಂದಿವೆ; ಲಕೋಟೆಗಳ ಮೇಲೆ, ಈ ಹೆಸರಿನ ಯಾವ ವ್ಯಕ್ತಿಯೂ ಈ ವಿಳಾಸದಲ್ಲಿ ಎಂದೂ ವಾಸವಾಗಿರಲಿಲ್ಲ ಎಂದು ಬರೆಯಲಾಗಿದೆ. ಆದ್ದರಿಂದ ಮಲ್ಲಿಕಾರ್ಜುನ ಎಂಬಾತ ಇಲ್ಲ, ಮೊದಲನೆಯವನೇ ಎರಡನೆಯ ಹೆಸರನ್ನು ಹುಟ್ಟಿಸಿ ಖಾತೆ ತೆರೆದಿರಬೇಕು ಎಂದು ಅನುಮಾನ.

ಆ ಇಂಗ್ಲಿಷ್ ವಾಕ್ಯವನ್ನು ಮತ್ತೆ ಓದಿದೆ. ಬಹಳ ಚೆನ್ನಾಗಿದ್ದ ವಾಕ್ಯ. ಬೇರೆ ಯಾರೂ ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಅದನ್ನು ಬರೆದವನು ನಾನು.

ಮಲ್ಲಿಕಾರ್ಜುನ ಯಾರೆಂದು ಹೇಳಬೇಕು. ಬಾಗಲಕೋಟೆ ಕಡೆಯವನು, ನಾವೆಲ್ಲ ಮಲ್ಲು ಎನ್ನುತ್ತಿದ್ದೆವು. ನಾವಿಬ್ಬರೂ ಒಂದೇ ವರ್ಷ ಓದಲು ಬಂದು ಹ್ಯಾರಿಸ್ ಪಾರ್ಕ್‌ನ ಇದೇ ಯೂನಿಟ್ಟಿನಲ್ಲಿ ಎರಡು ವರ್ಷ ಒಟ್ಟಿಗಿದ್ದೆವು. ಇಬ್ಬರದೂ ಜೂನ್ ಒಂದು ಎಂದು ತಿಳಿದ ದಿನ ಬಿದ್ದು ಬಿದ್ದು ನಕ್ಕಿದ್ದೆವು. ಅವನು ಅಡುಗೆ ಮಾಡುತ್ತಿದ್ದ. ನಾನು ಯಾರು ಯಾವಾಗ ಪಾತ್ರೆ ತೊಳೆಯಬೇಕು ಎಂದು ಕೆಂಪು ಮಾರ್ಕರಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದೆ. ಮನೆಯ ಇಂಗ್ಲಿಷ್ ಪತ್ರ ವ್ಯವಹಾರವೆಲ್ಲ ನನ್ನದು. ಒಂದು ಚಳಿಗಾಲ ನಾನು ಕಾಲು ಮುರಿದುಕೊಂಡಾಗ, ಲಿಫ್ಟಿಲ್ಲದ ಮೂರನೆಯ ಮಹಡಿಯಿಂದ ಐದು ವಾರ ನನ್ನನ್ನು ಬೆನ್ನ ಮೇಲೆ ಹೊತ್ತು ಇಳಿಸಿ ಸ್ಟೇಷನ್ನಿಗೆ ಮುಟ್ಟಿಸಿದವನು ಅವನು. ಓದು ಮುಗಿದ ಮೇಲೆ ಇಬ್ಬರೂ ಒಂದೇ ವಾರ ಪಿಆರ್‌ಗೆ ಅರ್ಜಿ ಹಾಕಿದೆವು. ಅವನದು ಮೊದಲು ಬಂತು. ಲಕೋಟೆಗೆ ಸಹಿ ಹಾಕಿ ತೆಗೆದುಕೊಂಡವನು ನಾನೇ. ಶಹಭಾಸ್ ಎಂದೆ. ಬಾಯಿ ಶಹಭಾಸ್ ಎನ್ನುತ್ತಿದ್ದಾಗ ಮುಖ ಏನು ಹೇಳುತ್ತಿತ್ತೋ ಗೊತ್ತಿಲ್ಲ. ಆ ವಾರವೆಲ್ಲ ಅವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಅವನ ಹಾಸಿಗೆ ಗೋಡೆಗೆ ಒರಗಿಸಿತ್ತು, ಅವನು ಮೆಲ್ಬರ್ನಿನ ಬಸ್ಸು ಹತ್ತಿಯಾಗಿತ್ತು. ಹೊಸ ವಿಳಾಸ ಬರೆದಿಟ್ಟ ಒಂದು ಚೀಟಿ, ಪತ್ರ ಬಂದರೆ ಕಳಿಸು ಎಂದು.

ಮೊದಲು ಕಳಿಸಿದೆ. ಆದರೆ ನನ್ನ ಪಿಆರ್ ಇನ್ನೂ ಒಂಬತ್ತು ತಿಂಗಳು ಬರಲಿಲ್ಲ ನೋಡಿ. ದಿನವೂ ರೈಲಿಳಿದವನೇ ಅಂಚೆ ಡಬ್ಬಿಗೆ ಓಡುತ್ತಿದ್ದೆ. ಬಿಳಿ ಲಕೋಟೆ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ತಿರುಗಿಸಿದರೆ ಮಲ್ಲಿಕಾರ್ಜುನ. ಮರುದಿನ ಮತ್ತೆ ಮಲ್ಲಿಕಾರ್ಜುನ. ಪಿಆರ್ ಸಿಕ್ಕಿದವನಿಗೇ ಎಲ್ಲ ಪತ್ರಗಳೂ. ಒಂದು ಶನಿವಾರ ಡಬ್ಬಿಯಲ್ಲಿ ಏಳು ಲಕೋಟೆಗಳಿದ್ದವು, ಏಳೂ ಅವನವೇ. ಮೇಲೆ ಹತ್ತಿ ಬಂದು ಕೆಂಪು ಮಾರ್ಕರ್ ತೆಗೆದೆ. ಬಿಟ್ಟು ಹೋಗಿದ್ದಾನೆ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಆದರೆ ಹೊಟ್ಟೆಕಿಚ್ಚಿಗೆ ಎರಡು ಪದ ಸಾಲುವುದಿಲ್ಲ. ಪೂರ್ತಿ ವಾಕ್ಯವನ್ನೇ ಬರೆದೆ, ಏಳು ಸಲ, ಕಾಪಿ ಬರೆಯುವಷ್ಟು ದುಂಡಗೆ. ಅಂಚೆ ಪೆಟ್ಟಿಗೆಗೆ ಹಾಕಿ ಬಂದು ಊಟ ಮಾಡಿ ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ಪಿಆರ್ ಬಂತು, ವಿದ್ಯಾ ಬಂದಳು, ಅನಘ ಹುಟ್ಟಿದಳು. ಮಲ್ಲುವಿನ ಜೊತೆ ಸಂಪರ್ಕ ತಪ್ಪಿಹೋಯಿತು ಎಂದು ಎಲ್ಲರಿಗೂ ಹೇಳುತ್ತಿದ್ದೆ, ಅದು ತಾನಾಗಿಯೇ ತಪ್ಪಿಹೋಯಿತೆಂಬಂತೆ.

ಮೇಲೆ ಹೋಗಿ ವಿದ್ಯಾಳಿಗೆ ಪುಟ ಕೊಟ್ಟೆ. "ಯಾರೋ ಹೀಗೆ ಬರೆದು ಕಳಿಸಿದ್ದಾರೆ," ಎಂದೆ. ಇಪ್ಪತ್ತೇಳು ದಿನ ಏನೂ ಮಾಡದೆ ಬೈಗುಳ ತಿಂದವನು ನಾನು. ಮಾಡಿದ್ದೇನೆಂದು ಗೊತ್ತಾದ ದಿನವೇ ಆಣೆ ಮುರಿದೆ. ಅವಳ ಮುಖ ಎಷ್ಟು ಹಗುರವಾಯಿತೆಂದರೆ ನನಗೆ ನೋಡಲಾಗಲಿಲ್ಲ. "ಅಯ್ಯೋ, ನಿಮ್ಮದೇನೂ ತಪ್ಪಿಲ್ಲ ಪಾಪ! ಸುಮ್ನೆ ನಿಮ್ಮನ್ನ ಅನುಮಾನಿಸಿಬಿಟ್ಟೆ," ಎಂದು ಅವತ್ತು ನನಗಿಷ್ಟವೆಂದು ಬಿಸಿಬೇಳೆಬಾತ್ ಮಾಡಿದಳು. ಅದರ ರುಚಿ ಗೊತ್ತಾಗಲಿಲ್ಲ.

ನವೀನ ಪುಟ ಓದಿ ಉಸಿರೆಳೆದುಕೊಂಡ. "ಸರ್, ಹದಿನೈದು ದಿನ ಉಳಿದಿದೆ. ಆ ಮನುಷ್ಯ ನಿಜವಾಗ್ಲೂ ಇದ್ದಾರೆ, ನೀವು ಬೇರೆ ಅವರು ಬೇರೆ ಅಂತ ಪ್ರೂವ್ ಆಗ್ಬೇಕು. ಆ ವಿಳಾಸದಲ್ಲಿ ನಾನಿದ್ದೆ ಅಂತ ಅವರೇ ಡಿಕ್ಲರೇಷನ್ ಬರೆದು, ಸಾಕ್ಷಿ ಎದುರಿಗೆ ಸೈನ್ ಹಾಕಿ, ಐಡಿ ಕಾಪಿ ಕೊಡ್ಬೇಕು. ನಿಮ್ಮ ಫ್ರೆಂಡ್ ತಾನೇ? ಈಸಿ ಬಿಡಿ." ಈಸಿ! ಎಂದೂ ಇರಲೇ ಇಲ್ಲ ಎಂದು ನಾನೇ ಬರೆದುಕೊಟ್ಟವನನ್ನು ಈಗ ಇದ್ದಾನೆಂದು ಹುಡುಕಿ ತರಬೇಕಿತ್ತು. ಮೆಲ್ಬರ್ನಿನ ಕನ್ನಡದವರಲ್ಲಿ ಯಾರಾದರೂ ಮೂವರಿಗೆ ಫೋನು ಮಾಡಿದರೆ ನಾಲ್ಕನೆಯವನ ನಂಬರು ಸಿಗುತ್ತದೆ. ನನಗೆ ಎರಡನೆಯ ಫೋನಿಗೇ ಸಿಕ್ಕಿತು. ನಂಬರು ಒತ್ತಲು ಮಾತ್ರ ಎರಡು ದಿನ ಹಿಡಿಯಿತು.

"ಹಲೋ, ಮಲ್ಲು... ನಾನು ರಮೇಶ. ಹ್ಯಾರಿಸ್ ಪಾರ್ಕ್."

ಆ ಕಡೆ ಟ್ರಾಮಿನ ಗಂಟೆ ಕೇಳಿಸಿತು. "ಲೇ ರಮೇಶ! ಬದುಕೀ ಏನೋ?" ಎಂದ. ಒಂದು ಕಾಗದಕ್ಕೆ ಸಹಿ ಬೇಕಿತ್ತು, ಅಂಚೆಯಲ್ಲಿ ಕಳಿಸುತ್ತೇನೆ ಎಂದು ತಡವರಿಸಿದೆ. "ಕಾಗದಾ ಗೀಗದಾ ಆಮ್ಯಾಲ ನೋಡೂಣು. ಶನಿವಾರ ನನಗ ರಜಾ ಐತಿ. ಊಟಕ್ಕ ಬಾ," ಎಂದು ವಿಳಾಸ ಹೇಳಿದ. ಬೇರೆ ಏನೂ ಕೇಳಲಿಲ್ಲ.

ಶನಿವಾರ ಬೆಳಗಿನ ವಿಮಾನ ಹಿಡಿದು ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಬರೆದು ಬರೆದು ಹರಿದೆ. ಯಾರೋ ಬರೆದಿದ್ದಾರೆ ಎನ್ನುವ ಮಾತು ವಿದ್ಯಾಳ ಹತ್ತಿರ ನಡೆದಿತ್ತು, ಇವನ ಹತ್ತಿರವೂ ನಡೆದೀತು. ಬರೆದವರು ಯಾರೆಂದು ಕೇಳಿದರೆ, ಪ್ರೈವೆಸಿ ಕಾನೂನು, ಅವರು ಹೇಳುವುದಿಲ್ಲವಂತೆ ಎನ್ನುವುದು ಎಂದು ತೀರ್ಮಾನಿಸಿದೆ. ಅಷ್ಟು ಚೊಕ್ಕವಾದ ಸುಳ್ಳು ನನಗೆ ಹಿಂದೆಂದೂ ಹೊಳೆದಿರಲಿಲ್ಲ.

ಪ್ರೆಸ್ಟನ್ ಎಂಬ ಸಬರ್ಬಿನಲ್ಲಿ ಹಳೆಯ ಬಾಡಿಗೆ ಮನೆ. ಮಲ್ಲು ಟ್ರಾಮ್ ಓಡಿಸುತ್ತಿದ್ದ. ಹೆಂಡತಿಗೆ ಆಸ್ಪತ್ರೆಯಲ್ಲಿ ಶಿಫ್ಟು, ಆದ್ದರಿಂದ ಒಬ್ಬನೇ ಇದ್ದ. ಅವನೇ ರೊಟ್ಟಿ ಬಡಿದು ಎಣಗಾಯಿ ಮಾಡಿದ್ದ. ಹೊಟ್ಟೆ ಬಂದಿತ್ತು, ತಲೆ ಸ್ವಲ್ಪ ಬೆಳ್ಳಗಾಗಿತ್ತು, ನಗು ಮಾತ್ರ ಹಾಗೇ ಇತ್ತು. "ಕಾಲು ಹೆಂಗೈತಿ?" ಎಂದು ಮೊದಲು ಕೇಳಿದ. ನಾನು ಒಂದು ತುತ್ತು ತಿಂದು, ಇನ್ನು ತಡೆಯಲಾಗದೆ, ಆ ಪುಟವನ್ನು ತೆಗೆದು ತಟ್ಟೆಯ ಪಕ್ಕ ಇಟ್ಟೆ. ಅವನು ಕೈ ತೊಳೆದು ಬಂದು, ಬೆರಳಿಟ್ಟುಕೊಂಡು, ಸಾಲು ಸಾಲಾಗಿ ಓದಿದ. ನಾನು ಪ್ರೈವೆಸಿ ಕಾನೂನನ್ನು ಬಾಯಲ್ಲಿ ಇಟ್ಟುಕೊಂಡು ಅವನ ಪ್ರಶ್ನೆಗೆ ಕಾದೆ. ಅವನು ಕೇಳಲಿಲ್ಲ.

"ಈ ಲಕೋಟೆ ನಾ ನೋಡೀನಿ," ಎಂದ. "ಇಲ್ಲಿಗೆ ಬಂದು ಐದಾರು ತಿಂಗಳಾಗಿತ್ತು. ಕಾರ್ಡ್ ಯಾಕ ಬಂದ್ ಆತು ಅಂತ ಕೇಳಾಕ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿದ್ದಾಕಿ ಒಂದು ಲಕೋಟೆ ತಗದು ತೋರಿಸಿದ್ಲು. ಕೆಂಪು ಮಾರ್ಕರ್. ಎರಡು ವರ್ಷ ಫ್ರಿಜ್ ಮ್ಯಾಲೆ ಓದೀನಿ, ನಿನ್ನ ಅಕ್ಷರ ನನಗ ಗೊತ್ತಾಗಂಗಿಲ್ಲೇನು?"

ನಾಚಿಕೆ ಎಂಬುದು ಕಿವಿಯಿಂದ ಶುರುವಾಗುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. "ಸಿಟ್ಟು ಬಂದಿತ್ತು ಕಣೋ," ಎಂದೆ. "ನಿಂಗೆ ಬಂತು, ನಂಗೆ ಬರಲಿಲ್ಲ. ದಿನಾ ನಿನ್ನ ಹೆಸರೇ ನೋಡಿ ನೋಡಿ..."

"ಗೊತ್ತೈತಿ. ನಾನೂ ನಿನಗ ಹೇಳಲಾರದ ಬಂದೆ. ನೀ ಮಾರಿ ತಿರುಗಿಸ್ಕೊಂಡು ಕುಂತಿದ್ದಿ, ಏನಂತ ಹೇಳ್ಲಿ ಅಂತ ಬಂದ್ಬಿಟ್ಟೆ. ಅದು ನನ್ನ ತಪ್ಪು." ಪುಟದ ಮೇಲಿನ ವಾಕ್ಯದ ಮೇಲೆ ಮತ್ತೆ ಬೆರಳಿಟ್ಟ. "ಆದ್ರ ರಮೇಶ, ಹೋದ ಅಂತ ಬರೀಬೇಕಾಗಿತ್ತಪಾ. ಎಂದೂ ಇರಲೇ ಇಲ್ಲ ಅಂತ ಯಾಕ ಬರದಿ? ಎರಡು ವರ್ಷ ಇದ್ನಲ್ಲೋ."

ನಾನು ಅತ್ತೆ. ಹಾಸ್ಯ ಪ್ರಬಂಧದಲ್ಲಿ ಲೇಖಕ ಅಳಬಾರದು ಎಂಬ ನಿಯಮವಿದ್ದರೆ ಕ್ಷಮಿಸಿ, ಅಲ್ಲಿ ನಿಯಮ ನೆನಪಾಗಲಿಲ್ಲ. ಅವನು ಎದ್ದುಹೋಗಿ ಮೊಸರು ತಂದು ಬಡಿಸಿದ. ಆಮೇಲೆ ಪುಟವನ್ನು ಇನ್ನೊಮ್ಮೆ ಓದುತ್ತ ಓದುತ್ತ ಅವನ ಹುಬ್ಬು ಗಂಟಿಕ್ಕಿತು. "ಹಂಗಾದ್ರ... ಅವತ್ತು ಬ್ಯಾಂಕಿನ್ಯಾಗ ಹೊಸಾ ವಿಳಾಸ ಕೊಟ್ಟು ಬಂದಿದ್ದೆ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಆಮ್ಯಾಲ ನಾನು ಎರಡು ಸಲ ಮನೀ ಲೋನಿಗೆ ಹಾಕಿದ್ದೆ. ಎರಡು ಸಲಾನೂ ಆಗಂಗಿಲ್ಲ ಅಂದ್ರು, ಯಾಕಂತ ಹೇಳಲಿಲ್ಲ. ಅದೂ ಇದಕ್ಕ ಏನು?" ನಾನು ಸುತ್ತ ನೋಡಿದೆ. ಸೋರಿದ ಗುರುತಿದ್ದ ಬಾಡಿಗೆ ಮನೆಯ ಛಾವಣಿ, ಗೋಡೆಗೆ ಮೊಳೆ ಹೊಡೆಯುವಂತಿಲ್ಲವೆಂದು ನೆಲದ ಮೇಲೆ ಒರಗಿಸಿಟ್ಟಿದ್ದ ಮಕ್ಕಳ ಫೋಟೋ. ಇರಬಹುದು ಎಂದೆ. ಅವನು ಎದ್ದು ನಿಂತಾಗ, ಈಗ ಹೊರಗೆ ಹೋಗು ಎನ್ನುತ್ತಾನೆ ಎಂದುಕೊಂಡೆ. ಅಂದರೂ ಸರಿಯೇ ಎನಿಸಿತ್ತು. ಅವನು ಹೋಗಿ ಪೆನ್ನು ತಂದ.

"ಹೇಳು, ಏನ್ ಬರೀಲಿ? ಇಂಗ್ಲಿಷು ನಿಂದ ಚಲೋ," ಎಂದ. ಅವನು ಹ್ಯಾರಿಸ್ ಪಾರ್ಕ್‌ನಲ್ಲಿ ಎರಡು ವರ್ಷ ವಾಸವಾಗಿದ್ದ ಎಂದು ನಾನೇ ಒಂದೊಂದು ಪದವಾಗಿ ಹೇಳಿ ಬರೆಸಿದೆ. ಜೀವನದಲ್ಲಿ ಅಷ್ಟು ಕಷ್ಟದ ಇಂಗ್ಲಿಷನ್ನು ನಾನು ಹೇಳಿಲ್ಲ. ಇಲ್ಲಿ ಔಷಧಿ ಅಂಗಡಿಯವರ ಸಾಕ್ಷಿಯೂ ಕಾನೂನಿಗೆ ಸಾಲುತ್ತದೆ; ಪಕ್ಕದ ಬೀದಿಯ ಅಂಗಡಿಯಾಕೆ ಸಾಕ್ಷಿ ಹಾಕುತ್ತಾಳೆ ಎಂದು ಇಬ್ಬರೂ ನಡೆದು ಹೋದೆವು. ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು ಎಂದು ದೃಢೀಕರಿಸಬೇಕಾದ ಆಕೆ ಎರಡು ಲೈಸೆನ್ಸುಗಳನ್ನೂ ನೋಡಿ, ಇಬ್ಬರ ಹುಟ್ಟುಹಬ್ಬವೂ ಒಂದೇ ದಿನ ಎಂದು ಗಮನಿಸಿ, ಅವಳಿಗಳೇ ಎಂದು ಕೇಳಿದಳು. ನಾನು ಹೆಡ್‌ಮಾಸ್ತರ ಕಥೆ ಹೇಳಲು ಬಾಯಿ ತೆರೆಯುವ ಮೊದಲೇ ಮಲ್ಲು, ಅಲ್ಲ ಎಂದ. ಅವನ ಬುದ್ಧಿ ದೊಡ್ಡದು. ವಾಪಸು ಬಂದು ಅವನ ಹೆಸರಿಗೂ ಒಂದು ಅರ್ಜಿ ತುಂಬಿದೆ, ಅವನ ಬಗ್ಗೆ ಆ ಸಂಸ್ಥೆಯಲ್ಲಿ ಏನಿದೆ ಎಂದು ಕೇಳಲು. ಇಷ್ಟು ದಿನದಲ್ಲಿ ನಾನು ಆ ಅರ್ಜಿಯಲ್ಲಿ ಪಂಡಿತನಾಗಿದ್ದೆ. ಜೊತೆಗೆ, ಆ ವಾಕ್ಯ ಬರೆದವನು ನಾನು, ಅದು ಸುಳ್ಳು ಎಂದು ಒಂದು ಪತ್ರವನ್ನೂ ಬರೆದು ನನ್ನ ಸಹಿ ಹಾಕಿದೆ. ಅದು ಇಲ್ಲದೆ ಅವನ ಮಾರ್ಕು ಹೋಗುತ್ತಿರಲಿಲ್ಲ.

ಮನೆಯ ಕಥೆ ಏನಾಯಿತು ಎಂದು ಕೇಳುತ್ತೀರಿ. ಗಡುವಿಗೆ ಮೂರು ದಿನ ಇರುವಾಗ ಮಾರ್ಕು ಹೋಯಿತು, ಸಾಲ ಬಂತು, ಅನಘಳ ಚಿಟ್ಟೆ ಅಲ್ಲೇ ಇದೆ. ಮಲ್ಲುವಿನ ಮಾರ್ಕು ಹೋಗಲು ಇನ್ನೆರಡು ತಿಂಗಳು ಹಿಡಿಯಿತು. ಈಗ ಮನೆ ನೋಡುತ್ತಿದ್ದಾನಂತೆ. ಮಾರ್ಕು ಇದ್ದ ಆ ಏಳು ವರ್ಷಗಳಲ್ಲಿ ಮನೆಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದನ್ನು ಅವನು ನನ್ನ ಮುಂದೆ ಎತ್ತುವುದಿಲ್ಲ, ನಾನು ಕೇಳುವುದಿಲ್ಲ. ಆದರೆ ಇವೆಲ್ಲ ಆಮೇಲಿನವು. ಅವತ್ತು ಸಂಜೆ ಮೆಲ್ಬರ್ನಿನ ವಿಮಾನ ನಿಲ್ದಾಣದಲ್ಲಿ ಕೂತಿದ್ದಾಗ ವಿದ್ಯಾಳ ಫೋನು ಬಂತು.

"ಸೈನ್ ಆಯ್ತಾ ರೀ?"

"ಆಯ್ತು."

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಮಲ್ಲುವಿಗೂ ಎರಡು ಸಲ ಲೋನು ಸಿಕ್ಕಿಲ್ಲವೆಂದು ಹೇಳಿದೆ. "ಅಯ್ಯೋ ಪಾಪ! ಒಂದು ಸಾಲು ಗೀಚಿ ಎರಡು ಸಂಸಾರ ಹಾಳು ಮಾಡೋಕೆ ನೋಡಿದ್ನಲ್ಲ, ಯಾವ ಪುಣ್ಯಾತ್ಮ ರೀ ಅವನು? ಮಲ್ಲಿಕಾರ್ಜುನ ಅವ್ರಿಗೇನಾದ್ರೂ ಗೊತ್ತಾ?"

"ಗೊತ್ತಂತೆ."

"ಯಾರಂತೆ?"

ಮನೆಗೆ ಬಂದು ಹೇಳುತ್ತೇನೆ ಎಂದು ಫೋನು ಇಟ್ಟೆ. ಆ ಮಾರ್ಗದಲ್ಲಿ ಸಂಜೆಯ ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿದ್ದನ್ನು ನಾನು ಕಂಡಿಲ್ಲ; ಎರಡು ಗಂಟೆಯಾದರೂ ತಡವಾಗುತ್ತದೆ, ಅಷ್ಟರಲ್ಲಿ ಹೇಗೆ ಹೇಳಬೇಕೆಂದು ಯೋಚಿಸಿಕೊಳ್ಳಬಹುದು ಎಂದು ಧೈರ್ಯ ತಂದುಕೊಂಡು ಒಂದು ಕಾಫಿ ತರಲು ಎದ್ದೆ. ಪ್ರಯಾಣಿಕರೆಲ್ಲ ಬಂದಿರುವುದರಿಂದ ಐದು ನಿಮಿಷ ಮೊದಲೇ ಹೊರಡುತ್ತಿದ್ದೇವೆ ಎಂದು ಧ್ವನಿವರ್ಧಕದಲ್ಲಿ ಹೇಳಿದರು.